ಇಟ್ಟಂಗಿ ಬಣ್ಣದ ಗೋಡೆ

ಪಕ್ಕದ ಮನೆಗೆ ಬಣ್ಣ ಹಚ್ಚುತ್ತಿದ್ದಾರೆ. ಮೂರು ದಿನದಿಂದ ನನ್ನ ಒಗ್ಗರಣೆಗೂ ಅದೇ ಹಸಿ ಬಣ್ಣದ ವಾಸನೆ. ಕೆಲವರಿಗೆ ಅದರಿಂದ ತಲೆ ನೋಯುತ್ತದಂತೆ. ನನಗೆ ಫಕೀರಪ್ಪ ನೆನಪಾಗುತ್ತಾನೆ. ಅವನ ಜೊತೆಗೆ, ನಲವತ್ತಾರನೆಯ ವಯಸ್ಸಿನಲ್ಲಿ ನನ್ನನ್ನು ಮೊದಲ ಸಲ ಒಬ್ಬರು ಕೇಳಿದ ಒಂದು ಪ್ರಶ್ನೆಯೂ ನೆನಪಾಗುತ್ತದೆ.

ನಾನು ದಾಂಡೇಲಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕಾಗದದ ಕಾರ್ಖಾನೆಗೆ ದುಡಿಯಲು ಬಂದವರು ಬೆಳಗಾವಿ, ಧಾರವಾಡದ ಕಡೆಯ ತಮ್ಮ ಊರುಗಳಿಗೆ ಕಾಲ್ ಬುಕ್ ಮಾಡುತ್ತಿದ್ದರು. ಗಡಿಯ ಹತ್ತಿರದ ರಾಮನಗರದ ವ್ಯಾಪಾರಸ್ಥರು ಗೋವೆಗೆ. ಯಾರಿಗೆ ಮಗು ಹುಟ್ಟಿತು, ಯಾರ ತಾಯಿಗೆ ಹುಷಾರಿಲ್ಲ ಎಂಬುದೆಲ್ಲ ನನ್ನ ಕಿವಿಯ ಮೂಲಕವೇ ಹೋಗಬೇಕು. ಊರಿಗೆಲ್ಲ ನನ್ನ ದನಿ ಗೊತ್ತಿತ್ತು, ಮುಖ ಗೊತ್ತಿದ್ದವರು ಕಡಿಮೆ. ಪಾಳಿ ಮುಗಿಸಿ ಬಾಡಿಗೆ ಖೋಲಿಗೆ ಬಂದರೆ ಮಾತಾಡಲು ಯಾರೂ ಇಲ್ಲ. ಖೋಲಿಗಳೂ ಎಷ್ಟೋ ಬದಲಾದವು. ಒಂದಕ್ಕೆ ಪಾಚಿ ಹಸಿರು, ಒಂದಕ್ಕೆ ಗುಲಾಬಿ, ಉಳಿದವಕ್ಕೆ ನೀಲಿ ಬೆರೆಸಿದ ಸುಣ್ಣ. ಮಾಲೀಕರು ಹಚ್ಚಿದ್ದೇ ಬಣ್ಣ. ಅದು ಚೆಂದವೋ ಅಲ್ಲವೋ ಎಂದು ನಾನು ಯೋಚಿಸಿದ್ದೇ ಇಲ್ಲ.

ಎಕ್ಸ್‌ಚೇಂಜಿಗೆ ಕಾಲ್ ತಾನಾಗಿ ಜೋಡಿಸುವ ಹೊಸ ಯಂತ್ರ ಬಂದು ನಮ್ಮನ್ನೆಲ್ಲ ಬಿಲ್ಲು ಕಟ್ಟಿಸಿಕೊಳ್ಳುವ ಕೌಂಟರಿನಲ್ಲಿ ಕೂರಿಸಿದ ವರ್ಷ, ಹಳಿಯಾಳದಲ್ಲಿ ಎರಡು ಖೋಲಿಯ ಈ ಮನೆಯನ್ನು ಕೊಂಡೆ. ಬಣ್ಣ ಹಚ್ಚಲು ಬಂದವನು ಫಕೀರಪ್ಪ. ಮುಂಡಗೋಡ ತಾಲೂಕಿನ ಪಾಳಾದವನು, ಮಗಳನ್ನು ಹಳಿಯಾಳಕ್ಕೆ ಕೊಟ್ಟಿದ್ದರಿಂದ ಇಲ್ಲೇ ಇದ್ದ. ಗೋಡೆಗಳನ್ನೆಲ್ಲ ಅಂಗೈಯಿಂದ ಸವರಿ ನೋಡಿ ಹೇಳಿದ:

"ಮನ್ಯಾಗ ಕೇಳಿ ಹೇಳ್ರಿ ಅಕ್ಕಾರ, ಯಾವ ಬಣ್ಣ ಅಂತ."

"ಮನ್ಯಾಗ ಇರಾಕಿ ನಾ ಒಬ್ಬಾಕಿನ, ಫಕೀರಪ್ಪಣ್ಣ."

ಅವನು ಅಂಗೈಗೆ ಹತ್ತಿದ ಸುಣ್ಣ ಒರೆಸಿಕೊಂಡ. "ಹಂಗಾದ್ರ ನೀವ ಹೇಳ್ರಿ. ನಿಮಗ ಯಾವ ಬಣ್ಣ ಸೇರತೈತಿ?"

ಸಾವಿರಾರು ನಂಬರುಗಳನ್ನು ಬಾಯಿಪಾಠ ಇಟ್ಟುಕೊಂಡಿದ್ದವಳು ನಾನು. ಈ ಸಣ್ಣ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ನಾಳೆ ಹೇಳುತ್ತೇನೆ ಎಂದು ಅವನ ಕೈಯಿಂದ ಬಣ್ಣದ ಕಾರ್ಡು ಇಸಿದುಕೊಂಡೆ.

ಆ ಕಾರ್ಡು ಎಂಟು ದಿನ ನನ್ನ ಜೊತೆ ದಾಂಡೇಲಿಯ ಖೋಲಿಗೂ ಹಳಿಯಾಳದ ಮನೆಗೂ ನಡುವೆ ಬಸ್ಸಿನಲ್ಲಿ ಓಡಾಡಿತು. ನಾನು ಬಿಚ್ಚಿದರೆ ಸಾಕು, ಪಕ್ಕದವರೂ ಇಣುಕುತ್ತಿದ್ದರು. ಒಬ್ಬ ಮುದುಕಿ ಬಣ್ಣವೊಂದರ ಮೇಲೆ ಬೆರಳಿಟ್ಟು, "ಇದು ಥೇಟ್ ನಮ್ಮ ಎಮ್ಮೀ ಬಣ್ಣ ನೋಡವಾ," ಎಂದಳು. ಅವಳಿಗಾದರೂ ಒಂದು ಬಣ್ಣದ ಜೊತೆ ಸಂಬಂಧವಿತ್ತು. ಕೌಂಟರಿನ ಗೆಳತಿ, "ತಿಳಿ ಬಣ್ಣ ಹಚ್ಚಸ್ರಿ, ಖೋಲಿ ದೊಡ್ಡೂ ಕಾಣತಾವ," ಎಂದಳು. ಒಬ್ಬಳೇ ಇರುವವಳಿಗೆ ಖೋಲಿ ಇನ್ನೂ ದೊಡ್ಡದಾಗಿ ಕಂಡು ಏನಾಗಬೇಕು ಎಂದು ಕೇಳಬೇಕೆನಿಸಿತು. ಧಾರವಾಡದಲ್ಲಿದ್ದ ತಮ್ಮನಿಗೆ ಫೋನು ಮಾಡಿದೆ. ಅವನಿಗೆ ಯೋಚನೆಯೇ ಬೇಕಾಗಲಿಲ್ಲ.

"ಬಿಳಿ ಹಚ್ಚಸು ಅಕ್ಕಾ. ನಾಳೆ ಬಾಡಿಗಿ ಕೊಡೂದಾದ್ರೂ, ಮಾರೂದಾದ್ರೂ ಬಿಳಿ ಎಲ್ಲಾರಿಗೂ ಒಪ್ಪತೈತಿ."

ನಾನಿನ್ನೂ ಆ ಮನೆಯಲ್ಲಿ ಹಾಲು ಕೂಡ ಉಕ್ಕಿಸಿರಲಿಲ್ಲ.

ಸೀರೆ ನೋಡಿದರಾದರೂ ತಿಳಿಯಬಹುದೆಂದು ಟ್ರಂಕು ತೆರೆದೆ. ಬಾದಾಮಿ, ಬೂದಿ, ತಿಳಿ ಹಳದಿ, ಮತ್ತೆ ಬಾದಾಮಿ. ಯಾಕೆ ಎಂಬುದು ನನಗೆ ಗೊತ್ತಿತ್ತು. ಹತ್ತೊಂಬತ್ತರಲ್ಲಿ ನನ್ನನ್ನು ನೋಡಲು ಬಂದವರು ಚಪ್ಪಲಿ ಮೆಟ್ಟುವಾಗ, "ಹುಡುಗಿ ಕಪ್ಪ ಐತಿ," ಎಂದದ್ದು ಒಳಗಿದ್ದ ನಮಗೆ ಕೇಳಿಸಿತ್ತು. ಮರುದಿನ ಅವ್ವ ನನ್ನ ಕಡುನೀಲಿ ಸೀರೆಯನ್ನು ಮಡಚುತ್ತ, "ನಿನಗ ತಿಳಿ ಬಣ್ಣನ ಒಪ್ಪತಾವ, ಮಗಳ," ಎಂದಿದ್ದಳು. ಅಕ್ಕರೆಯಿಂದಲೇ ಹೇಳಿದ್ದು. ಅವ್ವ ತೀರಿಕೊಂಡು ಎಷ್ಟೋ ವರ್ಷವಾದರೂ, ವರ ನೋಡಲು ಬರುವವರು ನಿಂತೇ ಹೋದರೂ, ಅಂಗಡಿಯಲ್ಲಿ ನನ್ನ ಕೈ ತಾನಾಗಿ ತಿಳಿ ಬಣ್ಣದ ಕಡೆಗೇ ಹೋಗುತ್ತಿತ್ತು. ಅದನ್ನೇ ನಾನು ನನ್ನ ಅಭಿರುಚಿ ಎಂದುಕೊಂಡಿದ್ದೆ.

ಒಂಬತ್ತನೆಯ ದಿನ ಫಕೀರಪ್ಪನೇ ಒಂದು ದಾರಿ ಕಂಡುಕೊಂಡ. ಹೊರಖೋಲಿಯ ಗೋಡೆಯ ಮೇಲೆ ನಾಲ್ಕು ಕಡೆ ಮೊಳದಷ್ಟು ಅಗಲ ನಾಲ್ಕು ಬಣ್ಣ ಬಳಿದ. ಕೆನೆ, ಪಿಸ್ತಾ, ಗುಲಾಬಿ. ನಾಲ್ಕನೆಯದು ಬೇರೊಬ್ಬರ ಕಂಪೌಂಡಿಗೆ ಹಚ್ಚಿ ಉಳಿದಿದ್ದ, ಸುಟ್ಟ ಇಟ್ಟಂಗಿಯಂಥ ಕೆಂಪು. "ಇದು ಹಚ್ಚಾಕಲ್ರಿ. ದಟ್ಟ ಬಣ್ಣ ಎಷ್ಟ ಕೆಟ್ಟ ಕಾಣತೈತಿ ಅನ್ನೂದು ನಿಮಗ ತಿಳೀಲಿ ಅಂತ," ಎಂದ.

ಆಗ ನಾನು ಆ ಮನೆಯಲ್ಲಿ ಒಂದು ಚಾಪೆ, ಒಂದು ಸ್ಟೋವು ಇಟ್ಟುಕೊಂಡು ಇರಲು ತೊಡಗಿದ್ದೆ. ಮುಂಜಾನೆ ಚಹಾ ಹಿಡಿದು ಕೂರುತ್ತಿದ್ದೆ, ಸಂಜೆ ಬಂದು ಕೂರುತ್ತಿದ್ದೆ. ನಾಲ್ಕು ದಿನದ ಮೇಲೆ ಗಮನಿಸಿದೆ, ಚಾಪೆ ಯಾವಾಗಲೂ ಆ ನಾಲ್ಕನೆಯ ಬಣ್ಣದ ಎದುರಿಗೇ ಇರುತ್ತಿತ್ತು. ಆ ಬಣ್ಣವೇ ಬೇಕೆಂದು ಫಕೀರಪ್ಪನಿಗೆ ಹೇಳಿದೆ. ಅವನು ಗಾಬರಿಯಾದ.

"ಖೋಲಿ ಕತ್ತಲ ಆಗತೈತ್ರಿ, ಅಕ್ಕಾರ. ನಾಳೆ ಮಂದಿ ನನ್ನ ಬೈತಾರ."

"ಕತ್ತಲಾದ್ರ ಲೈಟ್ ಹಚ್ಚತೇನಿ. ನೀವು ಬಣ್ಣ ಹಚ್ಚರಿ."

ಇಷ್ಟು ಗಟ್ಟಿಯಾಗಿ ನಾನು ಮಾತಾಡಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಉಳಿದ ಗೋಡೆಗಳಿಗೆ ಕೆನೆ, ಆ ಒಂದಕ್ಕೆ ಇಟ್ಟಂಗಿ ಬಣ್ಣ. ತಮ್ಮ ಬಂದು ನೋಡಿ, "ಇದೇನ ಹೋಟೆಲ್ ಮಾಡಿದಂಗ ಮಾಡೀದಿ," ಎಂದು ನಕ್ಕು ಸುಮ್ಮನಾದ.

ಮರುವರ್ಷ ಒಂದು ತಿಂಗಳ ತರಬೇತಿಗೆಂದು ನನ್ನನ್ನು ಬೆಳಗಾವಿಗೆ ಕಳಿಸಿದರು. ಸೋರುವ ಹಂಚು ಸರಿಮಾಡಿಸಲೆಂದು ಕೀಲಿಯನ್ನು ತಮ್ಮನಿಗೆ ಕೊಟ್ಟಿದ್ದೆ. ತಿರುಗಿ ಬಂದರೆ ಅವನೂ ಅವನ ಹೆಂಡತಿಯೂ ಶಿರಾ ಮಾಡಿಕೊಂಡು ನನಗಾಗಿ ಕಾಯುತ್ತಿದ್ದಾರೆ. ಹಂಚು ಸರಿಯಾಗಿತ್ತು. ಗೋಡೆ ಬೆಳ್ಳಗಾಗಿತ್ತು.

"ಹೆಂಗ ಆಗೇತಿ, ಅಕ್ಕಾ? ಈಗ ನೋಡು, ಮನೀಗೆ ಮನಿ ಕಳೆ ಬಂತು."

ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಕೈಬೆರಳುಗಳಲ್ಲಿ ಇನ್ನೂ ಬಿಳಿ ಬಣ್ಣ ಹತ್ತಿತ್ತು; ತಾವೂ ನಿಂತು ದುಡಿದಿದ್ದರು. "ಚಲೋ ಆಗೇತಿ," ಎಂದು ಶಿರಾ ತಿಂದೆ. ಅವರು ಹೋದ ಮೇಲೆ ಆ ಗೋಡೆಗೆ ಬೆನ್ನು ಮಾಡಿ ಕೂತೆ. ಮುಂದೆ ಎಷ್ಟೋ ತಿಂಗಳು ಹಾಗೆಯೇ ಕೂತೆ.

ಫಕೀರಪ್ಪ ಸಂತೆಯಲ್ಲಿ ಸಿಕ್ಕಾಗ ಮುಖ ತಪ್ಪಿಸಿದ. ನಾನೇ ಕರೆದೆ. ಅವನು ತಲೆ ತಗ್ಗಿಸಿ ಹೇಳಿದ: "ನೀವ ಹೇಳೀರಿ ಅಂದ್ರು ನಿಮ್ಮ ತಮ್ಮಾರು. ಅದಕ್ಕ ಹಚ್ಚಿದೆ. ನೀವು ಹೇಳಿದ್ದಿಲ್ಲೇನ್ರಿ?"

"ಇಲ್ಲ."

ಮುಂದಿನ ಭಾನುವಾರ ಡಬ್ಬಿ, ಬ್ರಶ್ಶು ಹಿಡಿದು ಬಾಗಿಲಿಗೇ ಬಂದ. ತಮ್ಮನಿಗೆ ಬೇಜಾರಾದೀತು, ಬೇಡ ಎಂದೆ. ಅವನು ಹೊಸ್ತಿಲಲ್ಲೇ ನಿಂತು ಕೇಳಿದ:

"ತಮ್ಮಾರು ವರ್ಷಕ್ಕ ಎಷ್ಟ ದಿನ ಇಲ್ಲಿರ್ತಾರ್ರಿ?"

"ಎರಡ ದಿನ. ಭಾಳ ಅಂದ್ರ ಮೂರು."

"ಉಳಿದ ದಿನ ಈ ಗ್ವಾಡಿ ನೋಡಾವ್ರು ಯಾರ್ರಿ?"

ನಾನು ಪಕ್ಕಕ್ಕೆ ಸರಿದು ಅವನನ್ನು ಒಳಗೆ ಬಿಟ್ಟೆ. ಅಂದು ನಾನೂ ಒಂದು ಬ್ರಶ್ಶು ಹಿಡಿದೆ. ಕೆಳಗಿನ ಅರ್ಧ ಗೋಡೆ ನನ್ನದು. ಈಗಲೂ ಅಲ್ಲಿ ಗೆರೆಗೆರೆ ಕಾಣುತ್ತದೆ. "ಬಿಡ್ರಿ, ನಿಮ್ಮ ಮನಿ, ನಿಮ್ಮ ಗೆರಿ," ಎಂದು ಫಕೀರಪ್ಪ ಅದನ್ನು ತಿದ್ದಲಿಲ್ಲ.

ಪಂಚಮಿ ಹಬ್ಬಕ್ಕೆ ತಮ್ಮ ನನ್ನನ್ನು ಕರೆಯಲು ಬಂದ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯುವುದು ರೂಢಿ. ನನಗೆ ಗಂಡನ ಮನೆಯೇ ಇರಲಿಲ್ಲ. ಆದರೂ ಅವನು ಒಂದು ವರ್ಷವೂ ತಪ್ಪಿಸಿರಲಿಲ್ಲ. ಕೂತು ನೀರು ಕುಡಿಯುತ್ತ ಗೋಡೆ ನೋಡಿದ.

"ಯಾರು ಹಚ್ಚಿದ್ರು?"

"ನಾನ ಹಚ್ಚೀನಿ."

"ನಾವು ಮಾಡಿದ್ದು ಬ್ಯಾಡಾಗಿದ್ರ ಅವತ್ತ ಹೇಳಬೇಕಿತ್ತು, ಅಕ್ಕಾ. ಬಾಯಿಲೆ ಚಲೋ ಅಂದು ಹಿಂದ ಹಿಂಗ ಮಾಡೂದಾ?"

"ಹೇಳಬೇಕಿತ್ತು. ತಪ್ಪಾತು. ಆದ್ರ ನೀನೂ ಕೇಳಬೇಕಿತ್ತು."

ಅವನು ಲೋಟ ಕೆಳಗಿಟ್ಟ. ಮುಂದಿನ ಬಸ್ಸಿಗೆ ಒಬ್ಬನೇ ಹೋದ. ನನ್ನ ಚೀಲ ತುಂಬಿ ಬಾಗಿಲ ಹತ್ತಿರವೇ ಇತ್ತು. ಸಂಜೆ ಅದನ್ನು ಬಿಚ್ಚಿ ಸೀರೆಗಳನ್ನು ಮತ್ತೆ ಟ್ರಂಕಿನಲ್ಲಿಟ್ಟೆ.

ಆಮೇಲೆ ಹನ್ನೆರಡು ಪಂಚಮಿಗಳು ಬಂದು ಹೋದವು, ಅವನು ಕರೆಯಲು ಬರಲಿಲ್ಲ. ಫೋನಿನಲ್ಲಿ ಮಾತು ನಿಲ್ಲಲಿಲ್ಲ. ಮಳೆ, ಆರೋಗ್ಯ, ಇಡುತ್ತೇನೆ, ಇಷ್ಟು. ಫಕೀರಪ್ಪ ಕಣ್ಣು ಮಂದವಾಗಿ ಪಾಳಾಕ್ಕೆ ಹಿಂದಿರುಗಿದ. ನಾನು ನಿವೃತ್ತಳಾದೆ. ಒಂದು ಗೋಡೆಗಾಗಿ ಇದ್ದ ಒಬ್ಬ ತಮ್ಮನನ್ನು ದೂರ ಮಾಡಿಕೊಂಡೆಯಾ ಎಂದು ಎಷ್ಟೋ ಮಧ್ಯಾಹ್ನ ನನ್ನನ್ನೇ ಕೇಳಿಕೊಂಡಿದ್ದೇನೆ. ಒಮ್ಮೊಮ್ಮೆ ಹೌದೆನಿಸುತ್ತದೆ. ಆದರೂ ಬಿಳಿ ಡಬ್ಬಿ ತರಲು ಅಂಗಡಿಗೆ ಹೋಗಲಿಲ್ಲ.

ನಿನ್ನೆ ತಮ್ಮ ಮುಂಡಗೋಡದಲ್ಲಿ ಒಂದು ಮದುವೆ ಮುಗಿಸಿಕೊಂಡು ಬರುತ್ತ ಹಳಿಯಾಳದಲ್ಲಿ ಇಳಿದ. ಕೂದಲು ಪೂರ್ತಿ ಬೆಳ್ಳಗಾಗಿದೆ. ಹೋದ ವರ್ಷ ಹೆಂಡತಿ ತೀರಿಕೊಂಡಳು. ಆಗ ನಾನೇ ಹೋಗಿ ಹತ್ತು ದಿನ ಇದ್ದು ಬಂದಿದ್ದೆ, ಗೋಡೆಯ ಮಾತು ಇಬ್ಬರೂ ಎತ್ತಿರಲಿಲ್ಲ. ಊಟ ಮಾಡಿ ಕುರ್ಚಿಯಲ್ಲಿ ಕೂತ. ಪಕ್ಕದ ಮನೆಯ ಬಣ್ಣದ ವಾಸನೆ ಕಿಟಕಿಯಿಂದ ಬರುತ್ತಿತ್ತು. ಗೋಡೆಯನ್ನೇ ನೋಡುತ್ತ ಕೇಳಿದ:

"ಅಕ್ಕಾ, ಈ ಬಣ್ಣ ನಿನ್ನ ಮನಸಿಗೆ ಯಾಕ ಬಂತು?"

ನಾನು ವರ್ಷಗಟ್ಟಲೆ ಮನಸ್ಸಿನಲ್ಲೇ ವಾದ ಜೋಡಿಸಿಟ್ಟಿದ್ದೆ. ಅವನು ಕೇಳಿದ ರೀತಿಗೆ ಅವೆಲ್ಲ ಬೇಕಾಗಲಿಲ್ಲ.

"ಗೊತ್ತಿಲ್ಲ ತಮ್ಮಾ. ಬಿಳೀ ಗ್ವಾಡಿ ಮುಂದ ಕುಂತ್ರ ಮನ್ಯಾಗ ಯಾರೂ ಇಲ್ಲ ಅನಸ್ತಿತ್ತು. ಇದರ ಮುಂದ ಕುಂತ್ರ, ನಾನಾದ್ರೂ ಅದೀನಿ ಅನಸ್ತಿತ್ತು."

 ಧಾರವಾಡದ ಅವನ ಮನೆಯಲ್ಲೂ ಈಗ ಅವನೊಬ್ಬನೇ. ಸಂಜೆಯ ಬಸ್ಸಿನ ಹೊತ್ತಾದಾಗ ನಾನು ನೆನಪಿಸಿದೆ. ಅವನು ಎದ್ದು ಚಪ್ಪಲಿ ಹುಡುಕುವ ಬದಲು ಅಂಗಿ ಕಳೆದು ಗೂಟಕ್ಕೆ ಹಾಕಿದ.

"ನಾಳೆ ಹೋದ್ರಾತು," ಎಂದ.

ನಾನು ಒಳಗೆ ಹೋಗಿ ರೊಟ್ಟಿಯ ಹಿಟ್ಟಿಗೆ ಇನ್ನೆರಡು ಹಿಡಿ ಸೇರಿಸಿದೆ.