ಎರಡನೆಯ ಸೂಜಿಗೆ ಮುಂಚೆ

ಬೀದಿಯವರೆಲ್ಲ ಅವಳನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವನ ಇದ್ದಿಲ ಇಸ್ತ್ರಿಪೆಟ್ಟಿಗೆ ಹಿಡಿದವಳು. ಮನೆಯಲ್ಲಿದ್ದ ಮೈದುನನಿಗೂ ಹೂಂ, ಉಹೂಂ ಬಿಟ್ಟರೆ ಬೇರೆ ಉತ್ತರ ಸಿಗುತ್ತಿರಲಿಲ್ಲ.

ಅವಳ ಮೇಜಿನ ಕೆಳಗೆ ಬೀದಿನಾಯಿಯೊಂದು ಎರಡು ಮರಿ ಹಾಕಿತು. ಹಾಲು ಬಿಟ್ಟ ಮೇಲೆ ಒಂದನ್ನು ಎದುರಿನ ಸೈಕಲ್ ರಿಪೇರಿಯವನು ಒಯ್ದ. ಬಿಳಿ ಮೂತಿಯದು ಅಕ್ಕನ ಪಾಲಿಗೆ ಬಂತು. ಅದರ ಜೊತೆಗೆ ಅವಳ ಬಾಯಿಯೂ ಬಿಚ್ಚಿತು. ದಿನವಿಡೀ ಅದಕ್ಕೆ ಬೈಗುಳ, ಅದಕ್ಕೇ ಮುದ್ದು.

"ಅಂಗಿಗೆಲ್ಲ ಕೂದಲು ಅಂಟಿಸಿ ಕೊಡ್ತೀರಲ್ಲ ಅತ್ಗೆ, ಅದಕ್ಕೆ ಬೇರೆ ರೇಟಾ?" ಎಂದು ಮೈದುನ ಕಿಚಾಯಿಸಿದ. ಅವಳು ನಕ್ಕದ್ದು ಕಂಡು ಅವನೇ ತಬ್ಬಿಬ್ಬಾದ.

ಎರಡೂ ಮರಿಗಳಿಗೆ ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿದ್ದು ಅಕ್ಕನೇ. "ಇದೊಂದೇ ಸಾಲದು, ಮತ್ತೆ ಬರ್ಬೇಕು. ಅಲ್ಲೀವರೆಗೆ ಬೇರೆ ನಾಯಿಗಳ ಹತ್ರ ಬಿಡ್ಬೇಡಿ" ಎಂದಳು ಡಾಕ್ಟರಮ್ಮ. ಅಕ್ಕ ಮರಿಯನ್ನು ಮೇಜಿನ ಕಾಲಿಗೆ ಕಟ್ಟಿದಳು. ರೋಗ ಹೊತ್ತ ಬೀದಿಯ ಮಣ್ಣನ್ನು ಕಟ್ಟಿಹಾಕುವುದು ಯಾರಿಂದಾದೀತು?

ಎರಡನೆಯ ಸೂಜಿಗೆ ಇನ್ನೂ ದಿನವಿರುವಾಗಲೇ ಮರಿ ಅನ್ನ ಮೂಸುವುದನ್ನು ಬಿಟ್ಟಿತು. ಆಮೇಲೆ ವಾಂತಿ, ರಕ್ತಭೇದಿ. ಡ್ರಿಪ್ ಹಾಕಿದರೂ ಪ್ರಯೋಜನವಾಗದೆ, ಅಕ್ಕನ ತೊಡೆಯ ಮೇಲೆಯೇ ಅದರ ಉಸಿರು ನಿಂತಿತು.

"ಸೂಜಿ ಹಾಕ್ಸಿದ್ನಲ್ಲ ಡಾಕ್ಟ್ರೇ..."

"ನಿಮ್ಮ ತಪ್ಪೇನಿಲ್ಲ. ತಾಯಿಗೆ ಈ ರೋಗ ಬಂದು ವಾಸಿಯಾಗಿರ್ಬೇಕು. ಅದರ ಮೊದಲ ಹಾಲಿನಲ್ಲಿ ಮರಿಗೂ ರಕ್ಷಣೆ ಬಂದಿರುತ್ತೆ. ಅದು ಮೈಯಲ್ಲಿ ಇರೋವರೆಗೂ ಲಸಿಕೆಯನ್ನೂ ಹೊಡೆದುಹಾಕುತ್ತೆ, ಮರಿಯ ಮೈ ತಾನಾಗಿ ಹೋರಾಡೋದು ಕಲಿಯಲ್ಲ. ಆಮೇಲೆ ತಾಯಿ ಕೊಟ್ಟಿದ್ದೂ ಕರಗಿಹೋಗುತ್ತೆ. ಯಾವ ಮರಿಗೆ ಯಾವಾಗ ಅಂತ ಹೇಳಕ್ಕಾಗಲ್ಲ. ಅದಕ್ಕೇ ಮತ್ತೆ ಮತ್ತೆ ಹಾಕೋದು."

"ಹಾಲು ಕುಡಿದಿದ್ದೇ ಮುಳುವಾಯ್ತಾ?"

"ಇಲ್ಲಮ್ಮ. ಇಷ್ಟು ದಿನ ಬದುಕಿದ್ದೇ ಆ ಹಾಲಿನಿಂದ."

ಆ ಮಾತು ಅವಳಿಗೆ ಸಮಾಧಾನ ತರಲಿಲ್ಲ. ನೇರವಾಗಿ ಸೈಕಲ್ ಅಂಗಡಿಯ ಎದುರಿಗೆ ಬಂದು, ರಸ್ತೆಯ ಆಚೆಯೇ ನಿಂತಳು. ಸೀರೆಗೆ ರೋಗ ಅಂಟಿರಬಹುದು, ಇನ್ನೊಂದು ಮರಿಯನ್ನು ಮುಟ್ಟಬೇಡಿ ಎಂದಿದ್ದಳು ಡಾಕ್ಟರಮ್ಮ.

"ನಿನ್ ಮರೀನ ಆಸ್ಪತ್ರೆಗೆ ತೋರಿಸ್ಕೊಂಡು ಬಾ. ಇವತ್ತೇ."

"ನಂದಕ್ಕೇನಾಗಿದೆ ಅಕ್ಕ? ಗಟ್ಟಿಮುಟ್ಟಾಗಿದೆ."

"ನಂದೂ ಹಾಗೇ ಇತ್ತು ಕಣೋ."

ಅವನು ಕೈ ಒರೆಸಿಕೊಂಡು ಎದ್ದ. ಆ ಮರಿಗೆ ಎಲ್ಲ ಸೂಜಿಗಳೂ ಆದವು, ಅದು ಬದುಕಿಕೊಂಡಿತು. ಬೆಳೆದ ಮೇಲೆ ಆಗಾಗ ರಸ್ತೆ ದಾಟಿ ಬಂದು ಅವಳ ಕಾಲು ಮೂಸುತ್ತಿತ್ತು. ಅಕ್ಕ ಬಿಸ್ಕತ್ತು ಹಾಕುತ್ತಿದ್ದಳು, ತಲೆ ಸವರುತ್ತಿರಲಿಲ್ಲ.

"ಇನ್ನೊಂದು ಮರಿ ತರ್ಲಾ ಅತ್ಗೆ?" ಎಂದು ಮೈದುನ ಒಮ್ಮೆ ಕೇಳಿದ.

"ಬೇಡಪ್ಪ" ಎಂದವಳೇ ಇಸ್ತ್ರಿಪೆಟ್ಟಿಗೆಯ ಬೂದಿ ಊದಿದಳು.