ಹುಚ್ಚು ಕೌದಿಯ ವರ್ಷ

ದೊಡ್ಡವ್ವನ ತುರುಬಿನಲ್ಲಿ ಹೂವಿಗಿಂತ ಸೂಜಿಗಳೇ ಹೆಚ್ಚು. ಒಂದರಲ್ಲಿ ಕೆಂಪು ದಾರ, ಒಂದರಲ್ಲಿ ಕರಿ ದಾರ, ಇನ್ನೊಂದರಲ್ಲಿ ಯಾವುದೋ ಹಳೇ ಸೀರೆಯ ಅಂಚಿನಿಂದ ಎಳೆದ ಹಸಿರು ದಾರ. ಎಲ್ಲವೂ ಬೆನ್ನ ಮೇಲೆ ಗೇಣುದ್ದ ಇಳಿಬಿದ್ದಿರುತ್ತಿದ್ದವು. ಮಾತಾಡುತ್ತ ಮಾತಾಡುತ್ತ ಕೈ ಹಿಂದಕ್ಕೆ ಹೋಗಿ, ನೋಡದೆಯೇ ಬೇಕಾದ ಬಣ್ಣದ ಸೂಜಿಯನ್ನು ಕಿತ್ತು ತರುತ್ತಿತ್ತು. ಅವರು ಒಮ್ಮೆಯಾದರೂ ಚುಚ್ಚಿಕೊಂಡದ್ದನ್ನು ನಾನು ಕಾಣೆ. ಚುಚ್ಚಿಸಿಕೊಳ್ಳುತ್ತಿದ್ದವರು ಪ್ರೀತಿಯಿಂದ ಅವರನ್ನು ತಬ್ಬಿಕೊಳ್ಳಲು ಹೋದವರು.

ನನಗೆ ಅವರು ನೆಂಟರೇನಲ್ಲ. ರಾಯದುರ್ಗದಲ್ಲಿ ನನ್ನ ಗಂಡನ ಮನೆಗೂ ಅವರ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ, ಅಷ್ಟೇ. ಅವರ ಯಜಮಾನರು ಬಜಾರಿನಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದರು. ಓಣಿಗೆಲ್ಲ ಅವರು ದೊಡ್ಡವ್ವ, ನನಗೂ ಹಾಗೇ ಆಯಿತು. ದುಂಡನೆಯ ಮೈ, ಓಣಿಯ ಆ ತುದಿಗೂ ಕೇಳುವ ನಗು, ಸೊಂಟದಲ್ಲಿ ಎಲೆ ಅಡಿಕೆಯ ಸಂಚಿ. ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಆ ಸಂಚಿಯ ಮೂಲ ಬಣ್ಣ ಯಾವುದೆಂದು ಹೇಳುವವರಿರಲಿಲ್ಲ. ಯಾರಿಗೆ ಏನು ಬೇಕಾದರೂ ಕೊಡುತ್ತಿದ್ದ ದೊಡ್ಡವ್ವ ಆ ಸಂಚಿಯನ್ನು ಮಾತ್ರ ಒಬ್ಬರ ಕೈಗೂ ಕೊಡುತ್ತಿರಲಿಲ್ಲ. ಅಡಿಕೆ ಕೇಳಿದರೆ ತಾವೇ ತೆಗೆದುಕೊಡುತ್ತಿದ್ದರು.

ಅದು ಯುದ್ಧದ ಕಾಲ. ಬಟ್ಟೆಗೆ ಕಂಟ್ರೋಲ್ ಬಂದು, ಕೂಪನ್ ಇದ್ದವರಿಗೂ ಸೀರೆ ಸಿಗುವುದು ಕಷ್ಟವಾಗಿತ್ತು. ಹಳೇ ಬಟ್ಟೆಯ ತುಂಡು ಕೂಡಿಸಿ ಹೊದೆಯುವ ಕೌದಿ ಹೊಲಿಯುತ್ತಿದ್ದ ದೊಡ್ಡವ್ವನಿಗೆ ಎದುರು ಬಂದವರ ಮುಖಕ್ಕಿಂತ ಮೈಮೇಲಿನ ಅಂಗಿ ಮೊದಲು ಕಾಣುತ್ತಿತ್ತು. ಒಮ್ಮೆ ಕಂದಾಯ ವಸೂಲಿಗೆ ಬಂದಿದ್ದ ಇನ್ಸ್‌ಪೆಕ್ಟರನ್ನು ಬಾಗಿಲಲ್ಲೇ ನಿಲ್ಲಿಸಿ, ಆತ ತೆಲುಗಿನವನೆಂದು ತೆಲುಗಿನಲ್ಲೇ, "ಈ ಚೊಕ್ಕಾ ಎಪ್ಪುಡು ಚಿರುಗುತುಂದಿ ಸಾರೂ?" ಎಂದು ಕೇಳಿಬಿಟ್ಟರು. ಈ ಅಂಗಿ ಯಾವಾಗ ಹರಿಯುತ್ತದೆ ಎಂದು ಯಾರಾದರೂ ಅಧಿಕಾರಿಯನ್ನು ಕೇಳುತ್ತಾರೆಯೇ! ಆತ ಕಕ್ಕಾಬಿಕ್ಕಿಯಾಗಿ ತನ್ನ ತೋಳನ್ನು ತಾನೇ ತಿರುಗಿಸಿ ನೋಡಿಕೊಂಡ. ಕೆಲವು ತಿಂಗಳ ಮೇಲೆ ಆತನ ಜವಾನ ಬಂದು ಹರಿದ ಅಂಗಿಯೊಂದನ್ನು ಮಡಿಚಿ ಕೊಟ್ಟುಹೋದ.

ಏನೇ ಕೆಟ್ಟರೂ ಅವರ ಬಾಯಲ್ಲಿ ಒಂದೇ ಮಾತು: "ಇರ್ಲಿ ಬಿಡು, ಮ್ಯಾಲೊಂದು ಹಚ್ಚೋಣು." ಕೌದಿಯಲ್ಲಿ ಹೊಲಿಗೆ ಸೊಟ್ಟಗಾದರೆ ಮೇಲೊಂದು ತುಂಡು. ಸಾರಿಗೆ ಉಪ್ಪು ಜಾಸ್ತಿಯಾದರೆ ಮೇಲೊಂದು ತಂಬಿಗೆ ನೀರು. ಗಂಡನೊಂದಿಗೆ ಜಗಳವಾದರೆ ಅದರ ಮೇಲೆ ಇನ್ನೊಂದು ಜಗಳ. ಮೊದಲನೆಯದು ತಾನಾಗಿ ಮರೆತುಹೋಗುತ್ತಿತ್ತು.

ನಾನು ಮದುವೆಯಾಗಿ ಬಂದದ್ದು ಮಡಕಶಿರದ ಕಡೆಯಿಂದ, ಗುಡಿಬಂಡೆ ಹತ್ತಿರದ ಹಳ್ಳಿ. ರಾಯದುರ್ಗ ಆಗ ಬಳ್ಳಾರಿ ಜಿಲ್ಲೆ, ನಮ್ಮದು ಅನಂತಪುರ ಜಿಲ್ಲೆ. ಎರಡನ್ನೂ ಆಳುತ್ತಿದ್ದದ್ದು ಮದರಾಸೇ ಆದರೂ ನನಗೆ ಬೇರೆ ಸೀಮೆಗೆ ಬಂದುಬಿದ್ದಂತಾಗಿತ್ತು. ರಾಗಿಮುದ್ದೆ ತಿಂದು ಬೆಳೆದವಳು ಜೋಳದ ರೊಟ್ಟಿ ಬಡಿಯಲು ಕೂತರೆ ಅದು ಹಂಚಿಗೆ ಹೋಗುವ ಮೊದಲೇ ಮೂರು ಚೂರಾಗುತ್ತಿತ್ತು. ಅತ್ತೆ ಕೆಟ್ಟವರಲ್ಲ. ಆದರೆ ತವರಿಗೆ ಕಳಿಸಿ ಎಂದರೆ ಮಾತ್ರ ಕಿವಿ ಕೇಳಿಸುತ್ತಿರಲಿಲ್ಲ. ರೈಲಿನಲ್ಲಿ ಸೋಲ್ಜರುಗಳ ಗದ್ದಲ, ಬಿಸಿಲು ಬಹಳ, ಮಳೆ ಬಂದೀತು, ಕರೆದುಕೊಂಡು ಹೋಗುವವರಾರು... ಹೀಗೇ ವರ್ಷ ಕಳೆಯಿತು. ನಮ್ಮಮ್ಮನ ಮುಖ ನೋಡದೆ ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಅಳುತ್ತಿದ್ದೆ. ಗೋಡೆಯ ಮೇಲೆ ಸೂಜಿಗಳ ತುರುಬು ಕಾಣಿಸಿತು.

"ಯಾಕವ್ವ, ಬೂದಿ ಸಾಲ್ದಂತ ಕಣ್ಣೀರು ಹಾಕಿ ತಿಕ್ಕಾಕ ಹತ್ತೀಯೇನು?"

"ನಮ್ಮೂರಿಗೆ ಹೋಗ್ಬೇಕು ಕಣ್ ದೊಡ್ಡವ್ವ. ಅಮ್ಮನ್ನ ನೋಡ್ಬೇಕು," ಎಂದೆ.

ಅವರು ಸಮಾಧಾನದ ಮಾತೊಂದನ್ನೂ ಆಡಲಿಲ್ಲ. "ಹೊಲಿಯಾಕ ಬರ್ತದೇನು?" ಎಂದರು. ಇಲ್ಲವೆಂದು ತಲೆಯಾಡಿಸಿದೆ. "ಬಂಗಾರದಂಥ ಮಾತು ಹೇಳಿದಿ," ಎಂದು ಖುಷಿಯಾಗಿ ಒಳಗೆ ಹೋದರು. ನನಗೇನೂ ಅರ್ಥವಾಗಲಿಲ್ಲ.

ಅರ್ಥವಾಗತೊಡಗಿದ್ದು ಯುಗಾದಿಯ ದಿನ. ಬೇವುಬೆಲ್ಲ ತಿಂದು, ಹೋಳಿಗೆ ಊಟ ಮುಗಿಸಿ ಹೆಂಗಸರೆಲ್ಲ ದೊಡ್ಡವ್ವನ ಕಟ್ಟೆಯ ಮೇಲೆ ಕೂತಿದ್ದೆವು. ಅವರು ಗಂಡನ ಅಂಗಡಿಯಿಂದ ತಂದ ಚಿಂದಿಯ ಗಂಟನ್ನು ನಡುವೆ ಸುರಿದರು. ಎಲ್ಲವೂ ಕತ್ತರಿಗೆ ಸಿಕ್ಕು ಉಳಿದ ತುಂಡುಗಳು: ಕಂಕುಳಲ್ಲಿ ತೆಗೆದ ಚಂದ್ರನಂಥವು, ಕೊರಳಲ್ಲಿ ತೆಗೆದ ಗುಂಡನೆಯವು, ಇಲಿಬಾಲದಂಥವು.

"ಈ ಯುಗಾದಿಯಿಂದ ಬರೋ ಯುಗಾದಿಗೆ ಒಬ್ಬೊಬ್ರು ಒಂದೊಂದು ಕೌದಿ," ಎಂದರು. "ಬಟ್ಟಿ ಅರಿವಿ ಕೊಳ್ಳಂಗಿಲ್ಲ. ತುಂಡು ಹೆಂಗೈತೋ ಹಂಗಽ ಹಚ್ಚಬೇಕು, ಕತ್ತರಿ ಮುಟ್ಟಂಗಿಲ್ಲ. ಒಂದ್ಸಲ ಹೊಲಿದ್ರ ಬಿಚ್ಚಂಗಿಲ್ಲ. ಹುಚ್ಚು ಕೌದಿ ಅಂತ ಇದಕ್ಕ. ಹುಣ್ಣಿಮಿಗೊಮ್ಮೆ ಇಲ್ಲೇ ತಂದು ತೋರಸ್ಬೇಕು."

ಆಮೇಲೆ ನಮ್ಮತ್ತೆಯ ಕಡೆ ತಿರುಗಿ, "ನಿನ್ನ ಸೊಸಿ ಬ್ಯಾಡ ಬಿಡು, ಪಾಪ, ಆಕೀ ಕೈಲಾಗದ ಕೆಲಸ," ಎಂದರು.

ಅತ್ತೆ ನಕ್ಕರು. "ಆಕಿ ಕೌದಿ ಮುಗಿಸಿದ್ರ ನಾನಽ ಕೈ ಹಿಡ್ದು ಕರಕೊಂಡು ಹೋಗಿ ಆಕಿ ತವರಿಗೆ ಬಿಟ್ಟು ಬರ್ತೀನಕ್ಕಾ."

"ಮುಗಿಸ್ಲಿಲ್ಲಂದ್ರ?"

"ಮತ್ತೊಂದು ವರ್ಷ ತವರಿನ ಹೆಸರು ಎತ್ತಬಾರ್ದು."

"ಎಲ್ರೂ ಕೇಳಿದ್ರಲ್ಲ?" ಎಂದು ದೊಡ್ಡವ್ವ ಕಟ್ಟೆಯನ್ನೆಲ್ಲ ಒಮ್ಮೆ ನೋಡಿ, ನನ್ನತ್ತ ಕಣ್ಣು ಹೊಡೆದರು. ಮುತ್ತೈದೆ ಮುದುಕಿಯೊಬ್ಬಳು ಕಣ್ಣು ಹೊಡೆದದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಆ ವರ್ಷ ಓಣಿಯ ಗಂಡಸರು ಅಂಗಿ ಒಣಹಾಕಿ ಕಾವಲು ಕೂರುವಂತಾಯಿತು. ಎದುರುಮನೆಯ ಮೇಷ್ಟ್ರ ಹೆಂಡತಿ ಶ್ರಾವಣದ ಹೊತ್ತಿಗೇ ಸೋತು, ಹೊಲಿದಷ್ಟನ್ನು ಕಾಲೊರಸಿಗೆ ಹಾಕಿಕೊಂಡರು. ನಿಜವಾಗಿ ಕಷ್ಟಪಟ್ಟವರು ನಮ್ಮತ್ತೆ. ಅವರದು ಓಣಿಗೇ ಹೆಸರಾದ ಕೈ, ಚೌಕಕ್ಕೆ ಚೌಕ ಕೂಡಿಸಿ ಪಗಡೆ ಹಾಸಿನಂತೆ ಕೌದಿ ಹೊಲಿಯುವವರು. ಅವರಿಗೆ ಈ ಚಂದ್ರ, ಈ ಇಲಿಬಾಲ ಮೈಯೆಲ್ಲ ಉರಿಸುತ್ತಿದ್ದವು. ಕದ್ದು ಕತ್ತರಿ ಹಾಕಿ ಎರಡು ಸಲ ಸಿಕ್ಕಿಬಿದ್ದರು. ನನಗೋ, ನೇರ ಹೊಲಿಯುವುದೇ ತಿಳಿಯದ್ದರಿಂದ ಸೊಟ್ಟ ಹೊಲಿಯುವುದು ಸುಲಭವಾಯಿತು! ಹೊಲಿಗೆ ಬರುವುದಿಲ್ಲವೆಂದಾಗ ದೊಡ್ಡವ್ವ ಯಾಕೆ ಅಷ್ಟು ಹಿಗ್ಗಿದ್ದರೆಂದು ಆಗ ಹೊಳೆಯಿತು.

ಮಧ್ಯಾಹ್ನದ ಹೊತ್ತು ಅವರ ಪಕ್ಕ ಕೂತು ಕಲಿತೆ. ಹಳೇ ಸೀರೆಯ ಮೇಲೆ ತುಂಡು ಇಟ್ಟು, ಅಂಚು ಒಳಮಡಿಸಿ, ಸೂಜಿಯನ್ನು ಅಕ್ಕಿಕಾಳಿನಷ್ಟು ದೂರಕ್ಕೆ ಇಳಿಸಿ ಎತ್ತುತ್ತ ಹೋಗಬೇಕು. ಒಂದೊಂದು ತುಂಡಿಗೂ ಅವರ ಹತ್ತಿರ ಒಂದೊಂದು ಕತೆ. "ಇದು ಪೊಲೀಸಪ್ಪನ ಚಡ್ಡಿ, ಕಾಲ್ಕಡಿಗೆ ಇಟ್ಕೊ. ಇದು ಮದುಮಗಳ ಕುಪ್ಪಸ, ಎದಿ ಮ್ಯಾಲ ಬರ್ಲಿ." ಇನ್ಸ್‌ಪೆಕ್ಟರನ ಅಂಗಿಗೆ ಮಾತ್ರ ನಡುವಿನ ಜಾಗ ಕೊಟ್ಟರು; ಕೇಳಿದ್ದನ್ನು ಮರೆಯದ ಮನುಷ್ಯ ಎಂದು.

ಹೋಳಿ ಹುಣ್ಣಿಮೆಗೆ ತೋರಿಸಿ ಬಂದ ಹೊತ್ತಿಗೆ ನನ್ನದು ಒಂದು ಮೂಲೆ ಮಾತ್ರ ಉಳಿದಿತ್ತು. ಕಡೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ತುತ್ತು ಆಹಾರ ಇಡಬೇಕೆಂಬುದು ಅವರಲ್ಲಿ ನಡೆದುಬಂದ ಪದ್ಧತಿ. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ. "ಒಂದು ತುತ್ತು ಉಣ್ಣಾಕ ಇಟ್ಟು ಮುಚ್ಚವ್ವ," ಎಂದು ದೊಡ್ಡವ್ವ ಹೇಳಿದ್ದರು. ಅಲ್ಲಿ ಹುಟ್ಟಿದ ಯಾರಿಗಾದರೂ ಅದು ಒಣಗಿದ ಜೋಳದ ರೊಟ್ಟಿಯ ಚೂರು ಎಂದು ಗೊತ್ತು. ನನಗೆ ಯಾರೂ ಹೇಳಿರಲಿಲ್ಲ.

ಅದೇ ವಾರ ನಮ್ಮೂರ ಕಡೆಯ ಕಂಬಳಿ ಮಾರುವವನೊಬ್ಬ ಅಮ್ಮ ಕಳಿಸಿದ ರಾಗಿಹಿಟ್ಟಿನ ಗಂಟು ತಂದುಕೊಟ್ಟಿದ್ದ. ಮುದ್ದೆ ಮಾಡಿದೆ. ನನ್ನ ಕೌದಿ ನಮ್ಮೂರಿಗೆ ಹೋಗುವ ಕೌದಿ, ನಮ್ಮೂರಿನ ತುತ್ತನ್ನೇ ಉಣ್ಣಲಿ ಎನಿಸಿತು. ಒಳ್ಳೇ ಲಿಂಬೆಗಾತ್ರದ ಬಿಸಿ ಮುದ್ದೆಯನ್ನು ಮೂಲೆಯಲ್ಲಿಟ್ಟು, ಚೆನ್ನಾಗಿ ಹೊಲಿದು, ಮಡಿಚಿ, ಪೆಟ್ಟಿಗೆಯ ಹಿಂದೆ ಬಚ್ಚಿಟ್ಟೆ. ಯುಗಾದಿಯವರೆಗೆ ಯಾರಿಗೂ ತೋರಿಸುವುದಿಲ್ಲವೆಂಬ ಜಂಬ ಬೇರೆ.

ಯುಗಾದಿಯ ಬೆಳಗ್ಗೆ ಎಣ್ಣೆನೀರು ಮುಗಿಸಿ ತೆಗೆದು ನೋಡಿದೆ. ಹುಳಿವಾಸನೆ ಮೂಗಿಗೆ ಬಡಿಯಿತು. ಇರುವೆಗಳ ಸಾಲು. ಮೂಲೆ ಇದ್ದಲ್ಲಿ ಮೂಲೆಯೇ ಇಲ್ಲ. ಮುದ್ದೆಯ ಜೊತೆಗೆ ಇಲಿ ಬಟ್ಟೆಯನ್ನೂ ಉಂಡು, ನನ್ನ ಮುಷ್ಟಿ ಹೋಗುವಷ್ಟು ತೂತು ಮಾಡಿ ಹೋಗಿತ್ತು.

ಅತ್ತೆ ಬಂದು ನೋಡಿ, ಮೊದಲು ಬಾಯಿಗೆ ಸೆರಗು ಹಿಡಿದು ನಕ್ಕರು. ಆಮೇಲೆ, "ಮುಗೀಲಿಲ್ಲಲ್ಲವ್ವಾ," ಎಂದರು. ಕೌದಿಯನ್ನು ಬಾಚಿಕೊಂಡು ಗೋಡೆ ಹಾರಿಯೇ ಹೋದೆನೋ, ಬಾಗಿಲಿಂದ ಹೋದೆನೋ ನೆನಪಿಲ್ಲ.

ದೊಡ್ಡವ್ವ ಹೋಳಿಗೆ ಲಟ್ಟಿಸುತ್ತಿದ್ದರು. ಮುದ್ದೆ ಎಂದು ಕೇಳಿದ್ದೇ ತಡ, ಲಟ್ಟಣಿಗೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯ ನಮ್ಮವ್ವ! ಕೌದಿಗೆ ಉಣಿಸಂದ್ರ ಇಲಿಗೆ ಬೀಗರೂಟ ಹಾಕಿಸಿದಿ!" ನನ್ನ ಅಳು ನಿಲ್ಲದ್ದು ಕಂಡು ಕಣ್ಣೊರೆಸಿಕೊಂಡು, "ಇರ್ಲಿ ಬಿಡು, ಮ್ಯಾಲೊಂದು ಹಚ್ಚೋಣು," ಎಂದರು.

ಹಚ್ಚಲು ತುಂಡೆಲ್ಲಿ? ಹಬ್ಬಕ್ಕೆ ಅಂಗಡಿ ಮುಚ್ಚಿತ್ತು. ವರ್ಷವಿಡೀ ಹೊಲಿದು ಓಣಿಯಲ್ಲಿ ಒಂದು ಎಳೆ ಚಿಂದಿ ಉಳಿದಿರಲಿಲ್ಲ. ದೊಡ್ಡವ್ವ ಚಿಂದಿಯ ಬುಟ್ಟಿಯನ್ನು ಕವುಚಿ ಹಾಕಿ ಕೊಡವಿದರು. ಆಮೇಲೆ ಸೊಂಟಕ್ಕೆ ಕೈ ಹಾಕಿ ಸಂಚಿ ತೆಗೆದು, ಎಲೆ ಅಡಿಕೆಯನ್ನೆಲ್ಲ ತಟ್ಟೆಗೆ ಸುರಿದು, ತುರುಬಿನ ಸೂಜಿಯಿಂದ ಅದರ ಹೊಲಿಗೆ ಬಿಚ್ಚತೊಡಗಿದರು.

"ಬ್ಯಾಡಿ ದೊಡ್ಡವ್ವ, ಅದು ನಿಮ್ದು..."

"ನಮ್ಮವ್ವ ಹೊಲದದ್ದು. ಕಣೇಕಲ್ಲಿನಿಂದ ನಾ ಈ ಮನಿಗೆ ಬರೋವಾಗ ಸೊಂಟಕ್ಕ ಸಿಗಿಸಿ ಕಳಿಸಿದ್ಲು," ಎಂದರು. "ನಮ್ಮವ್ವ ಹೋಗಿ ಭಾಳ ವರ್ಷಾತು. ನಿಮ್ಮವ್ವ ಅದಾಳ. ನೀ ಹೋಗಿ ನೋಡು."

"ಬಿಚ್ಚಬಾರ್ದು ಅಂದಿದ್ರಲ್ಲ ನೀವೇ?"

"ಅದು ಕೌದಿಗವ್ವ, ಸಂಚಿಗಲ್ಲ."

ಇಬ್ಬರೂ ಕೂತು ಆ ತೂತಿನ ಮೇಲೆ ಸಂಚಿಯ ಬಟ್ಟೆ ಹಚ್ಚಿದೆವು. ಇನ್ನೊಂದು ಬದಿ ಮುಚ್ಚಬೇಕು ಅನ್ನುವಾಗ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ದೊಡ್ಡವ್ವನ ಬರಿ ಸೊಂಟವನ್ನೂ ತಟ್ಟೆಯಲ್ಲಿದ್ದ ಅಡಿಕೆಯನ್ನೂ ನೋಡಿದರು. ಮನೆಗೆ ಹೋಗಿ ಮತ್ತೆ ಬಂದು, ಒಣರೊಟ್ಟಿಯ ಚೂರೊಂದನ್ನು ತಾವೇ ಮೂಲೆಯೊಳಗಿಟ್ಟರು.

"ಈಗ ಮುಚ್ಚು," ಎಂದರು ನನಗೆ. "ಸಂಜಿ ಆಗೋದ್ರಾಗ ಮುಗೀಬೇಕು. ಅರಿವಿ ಗಂಟು ಕಟ್ಟೋದು ಐತಿ."

ಕೊಟ್ಟ ಮಾತಿನಂತೆ ಅವರೇ ಕರೆದುಕೊಂಡು ಹೋದರು. ಬಳ್ಳಾರಿ, ಗುಂತಕಲ್ಲು, ಹಿಂದೂಪುರ ಎಂದು ರೈಲು ಬದಲಿಸಿ, ಅಲ್ಲಿಂದ ಇದ್ದಿಲ ಹೊಗೆ ಕಾರುವ ಬಸ್ಸಿನಲ್ಲಿ ಮಡಕಶಿರಕ್ಕೆ, ಮುಂದೆ ಎತ್ತಿನ ಗಾಡಿ. ನಮ್ಮಮ್ಮ ಬೀಗಿತ್ತಿಗೆ ಮುದ್ದೆ ಬಡಿಸಿದಾಗ ಅತ್ತೆ ಅದನ್ನು ರೊಟ್ಟಿಯಂತೆ ಅಗಿಯಲು ಹೋಗಿ ಹಲ್ಲಿಗೆಲ್ಲ ಅಂಟಿಸಿಕೊಂಡರು. ಅಂದು ರಾತ್ರಿ ಆ ಕೌದಿ ಹೊದ್ದು ಅಮ್ಮನ ಪಕ್ಕ ಮಲಗಿದೆ. ಅಷ್ಟು ಚೆನ್ನಾಗಿ ನಿದ್ದೆ ಮಾಡಿದ್ದು ನನಗೆ ಬೇರೆ ನೆನಪಿಲ್ಲ.

ರಾಯದುರ್ಗದಿಂದ ಹೊರಡುವಾಗ ದೊಡ್ಡವ್ವ ಕೇಳಿದ್ದು ಒಂದೇ: "ಬರೋವಾಗ ನಿಮ್ಮವ್ವನ ಸೀರಿ ತುಂಡು ತಾರವ್ವ." ತಂದುಕೊಟ್ಟೆ. ಅದರಲ್ಲಿ ಹೊಸ ಸಂಚಿ ಹೊಲಿಯಲು ಕೂತರು. ಅದೇ ದಿನ ನಾನು ಊರಿಂದ ತಂದ ಹಿಟ್ಟಿನಲ್ಲಿ ಮುದ್ದೆ ಮಾಡಿ ರುಚಿಗೆಂದು ಕೊಟ್ಟರೆ, "ಗಂಟಲಾಗ ಇಳಿಯಂಗಿಲ್ಲವ್ವ ಇದು," ಎಂದು ಮುಖ ಹಿಂಡಿ, ಉಳಿದದ್ದನ್ನು ತಮ್ಮ ಯಜಮಾನರಿಗೆ ತಿನ್ನಿಸುತ್ತೇನೆಂದು ಕಟ್ಟಿಕೊಂಡು ಹೋದರು.

ನನ್ನ ಮೂರು ಮಕ್ಕಳು ಆ ಹುಚ್ಚು ಕೌದಿಯಲ್ಲೇ ಬೆಳೆದವು. ದೊಡ್ಡವ್ವ ಮುಪ್ಪಿನಲ್ಲಿ, ಕಟ್ಟೆಯ ಮೇಲೆ ಕೂತು ಯಾರದೋ ಅಂಗಿಯನ್ನು ಬಯ್ಯುತ್ತಿದ್ದ ಒಂದು ಮಧ್ಯಾಹ್ನ, ಹೆಚ್ಚು ನರಳದೆ ಹೋದರು. ದಿನಕರ್ಮ ಮುಗಿದ ಮೇಲೆ ಅವರ ಯಜಮಾನರು ಗೋಡೆಯ ಮೇಲಿಂದ ಸಂಚಿಯನ್ನು ನನ್ನ ಕೈಗಿಟ್ಟು, "ನಿನ್ನ ತವರಿನದಂತ, ನಿನಗಽ ಕೊಡು ಅಂದಿದ್ಲು," ಎಂದರು.

ಈಗ ನನ್ನ ಸೊಂಟದಲ್ಲಿರುವುದು ಅದೇ. ಕೆಲವು ವರ್ಷಗಳ ಹಿಂದೆ ಅದರ ಮೂಲೆಯ ಹೊಲಿಗೆ ಬಿಟ್ಟಿತು. ಒಳಗೇನೋ ಕಲ್ಲಿನಂಥದ್ದು ಬೆರಳಿಗೆ ಸಿಕ್ಕಿತು. ಬೆಳಕಿಗೆ ಹಿಡಿದೆ. ಕಪ್ಪಗೆ, ಕಡಲೆಕಾಳಿನಷ್ಟು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ್ದ ರಾಗಿಮುದ್ದೆ. ಗಂಟಲಲ್ಲಿ ಇಳಿಯುವುದಿಲ್ಲವೆಂದು ಕಟ್ಟಿಕೊಂಡು ಹೋದದ್ದನ್ನು ದೊಡ್ಡವ್ವ, ಇಲಿ ಮುಟ್ಟದ ಹಾಗೆ ಮಾಡಿ, ನಮ್ಮಮ್ಮನ ಸೀರೆಗೆ ಉಣಿಸಿದ್ದರು.

ಒಬ್ಬಳೇ ಕೂತು ಅಳುತ್ತ ನಕ್ಕೆ. ಆಮೇಲೆ ಅದನ್ನು ಇದ್ದಲ್ಲೇ ಇಟ್ಟು, ತುರುಬಿನಿಂದ ಸೂಜಿ ತೆಗೆದು, ಮೇಲೊಂದು ತುಂಡು ಹಚ್ಚಿದೆ.