ಮುಸುಕಿನವರ ಟೈಲರ್

ಅಳತೆಯ ವಿಷಯದಲ್ಲಿ ಟೈಲರ್ ಮರೆಗುಳಿಯಲ್ಲ. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮನೆಯೆಲ್ಲ ಅದನ್ನೇ ಹುಡುಕುವ ಈ ಎಪ್ಪತ್ತನಾಲ್ಕರ ಮನುಷ್ಯ, ಯಾವ ಕಾಲದಲ್ಲೋ ಅಂಗಿ ಹೊಲಿಸಿಕೊಂಡು ಹೋದವರ ಎದೆ, ಭುಜ, ತೋಳಿನ ಉದ್ದವನ್ನು ಕೇಳಿದ ಕೂಡಲೇ ಒಪ್ಪಿಸುತ್ತಾನೆ. ಅವರ ಮುಖ ಹೇಗಿತ್ತು ಎಂದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾನೆ. ಜೀವಮಾನವೆಲ್ಲ ತಲೆ ತಗ್ಗಿಸಿ ಹೊಲಿದವನಿಗೆ ಮುಖ ಎಲ್ಲಿಂದ ನೆನಪಿರಬೇಕು ಎನ್ನುವುದು ಅವನ ಸಮಜಾಯಿಷಿ.

ಇಂಥವನ ಮುಂದೆ ಒಂದು ಭಾನುವಾರ ಬೆಳಿಗ್ಗೆ ತಮ್ಮನ ಮಗಳು ಲ್ಯಾಪ್‌ಟಾಪ್ ತಂದಿಟ್ಟು, "ದೊಡ್ಡಪ್ಪಾ, ಇದರಲ್ಲಿ ನಮ್ಮಪ್ಪ ಎಲ್ಲಿದ್ದಾರೆ ತೋರಿಸಿ" ಎಂದಳು.

ಅವಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದವಳು, ನಲವತ್ತರ ಹತ್ತಿರ ಬಂದವಳು. ಅವಳು ಹುಟ್ಟುವುದಕ್ಕೆ ಮೂರು ತಿಂಗಳ ಮೊದಲೇ ಅಪ್ಪ ಜ್ವರ ಬಂದು ತೀರಿಹೋಗಿದ್ದ. ಮದುವೆಯ ಫೋಟೋ ಎನ್ನುವುದು ಒಂದಿತ್ತು. ಅದರಲ್ಲೂ ಆ ಮಹಾನುಭಾವ ಯಾರೋ ಕರೆದರೆಂದು ಆಚೆ ತಿರುಗಿದ್ದ, ಒಂದು ಕಿವಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹೋದ ವರ್ಷ ಅಮ್ಮನೂ ಹೋದ ಮೇಲೆ ಟ್ರಂಕಿನಲ್ಲಿ, ಅಪ್ಪ ಕೆಲಸ ಮಾಡಿದ್ದ ಹೊಡೆದಾಟದ ಸಿನಿಮಾ ಒಂದರ ಹಳೆಯ ವಿಡಿಯೋ ಕ್ಯಾಸೆಟ್ಟು ಸಿಕ್ಕಿತ್ತು. ಅದರ ಜಾಡು ಹಿಡಿದು, ಹಳೇ ಹೊಡೆದಾಟದ ಸಿನಿಮಾ ಕೂಡಿಡುವವನೊಬ್ಬನನ್ನು ಹುಡುಕಿ, ಅವನಿಂದ ಇನ್ನೂ ಹದಿಮೂರು ಸಿನಿಮಾ ತಂದಿದ್ದಳು. ಅಪ್ಪ ನಡೆಯುವುದನ್ನು, ಕೈಕಾಲು ಆಡಿಸುವುದನ್ನು ಒಂದು ಸಲ ನೋಡಬೇಕು, ಅಷ್ಟೇ ಅವಳ ಆಸೆ. ತೋರಿಸಬಲ್ಲವನು ಭೂಮಿಯ ಮೇಲೆ ಟೈಲರ್ ಒಬ್ಬನೇ ಉಳಿದಿದ್ದ.

ಆ ಸಿನಿಮಾಗಳ ಬಗ್ಗೆ ಎರಡು ಮಾತು ಹೇಳದಿದ್ದರೆ ಅವನ ಸಂಕಟ ಅರ್ಥವಾಗುವುದಿಲ್ಲ. ಎಂಬತ್ತರ ದಶಕದಲ್ಲಿ ಊರಾಚೆಯ ಮುಚ್ಚಿಹೋದ ಬಿಸ್ಕತ್ತಿನ ಕಾರ್ಖಾನೆಯೊಳಗೆ ಒಬ್ಬ ನಿರ್ದೇಶಕ ಕ್ಯಾಮೆರಾ ಹೂಡಿದ. ಎಲ್ಲರೂ ಅವನನ್ನು ಕತ್ತರಿ ಸಾಹೇಬ ಎನ್ನುತ್ತಿದ್ದರು. ಅವನು ಆರು ವಾರ ಕಪ್ಪು ಮುಸುಕಿನವರ ಹೊಡೆದಾಟ ತೆಗೆದ. ಅದೇ ಹೊಡೆದಾಟವನ್ನು ತುಂಡುತುಂಡು ಮಾಡಿ, ಎಲ್ಲೆಲ್ಲೋ ಮಾರಾಟವಾಗದೆ ಬಿದ್ದಿದ್ದ ಹಳೇ ಸಿನಿಮಾಗಳ ನಡುನಡುವೆ ತುರುಕಿ, ಹದಿನಾಲ್ಕು ಹೊಸ ಸಿನಿಮಾ ಮಾಡಿಬಿಟ್ಟ. ಒಂದರಲ್ಲಿ ಯಾರೋ ಅಣ್ಣ ಕಳೆದುಹೋದ ತಂಗಿಯನ್ನು ಹುಡುಕುತ್ತಿರುತ್ತಾನೆ, ನಡುವೆ ಯಾವುದೋ ಮಹಡಿಯ ಮೇಲೆ ಮುಸುಕಿನವರು ಬಡಿದಾಡುತ್ತಾರೆ, ಆಮೇಲೆ ತಂಗಿ ಸಿಗುತ್ತಾಳೆ. ಇವರಿಗೂ ಅವರಿಗೂ ಯಾವ ಜನ್ಮದ ನಂಟೂ ಇಲ್ಲ. ಕತೆ ಯಾವುದು ಎಂದು ಟೈಲರ್ ಒಮ್ಮೆ ಕೇಳಿದ್ದಕ್ಕೆ, ಕತೆ ಬೇಕಾದವರು ಅಜ್ಜಿ ಮನೆಗೆ ಹೋಗಲಿ ಎಂದಿದ್ದನಂತೆ ಸಾಹೇಬ. ನಾನೂ ಬಟ್ಟೆ ಕತ್ತರಿಸುವವನೇ, ಆದರೆ ಒಬ್ಬನ ತೋಳು ತೆಗೆದು ಇನ್ನೊಬ್ಬನ ಅಂಗಿಗೆ ಹೊಲಿದವನಲ್ಲ ಎಂದು ಟೈಲರ್ ಇವತ್ತಿಗೂ ಹೇಳುತ್ತಾನೆ.

ಅವನು ಅಲ್ಲಿ ಉಡುಪಿನ ಕೆಲಸಕ್ಕೆ ಸೇರಿದ್ದ. ತಮ್ಮ ಹಿಂದೆಯೇ ಬಂದು ಹೊಡೆದಾಟಕ್ಕೆ ಸೇರಿಕೊಂಡ. ಉರುಳುವುದರಲ್ಲಿ ನಿಸ್ಸೀಮನೆಂದು ಅವನಿಗೆ ಚೆಂಡು ಎಂದೇ ಹೆಸರು ಬಿತ್ತು.

ಮೊದಲ ಭಾನುವಾರ ಮೂರು ಸಿನಿಮಾ ನೋಡಿದರು. ಅವಳು ಬರೀ ಹೊಡೆದಾಟಗಳನ್ನು ಆರಿಸಿ ಓಡಿಸುತ್ತಿದ್ದಳು. ಇವನು ಮೂಗು ಪರದೆಗೆ ತಾಗುವಷ್ಟು ಬಗ್ಗಿ ನೋಡುತ್ತಿದ್ದ. ಎಲ್ಲಿ ನೋಡಿದರೂ ಕಪ್ಪು ಬಟ್ಟೆ, ಕಪ್ಪು ಮುಸುಕು, ಎರಡು ಕಣ್ಣು, ನಡುವಿಗೊಂದು ಬಣ್ಣದ ಪಟ್ಟಿ. ಬೆಳಿಗ್ಗೆ ಒಂದರಲ್ಲಿ ಸತ್ತವನು ಮಧ್ಯಾಹ್ನ ಇನ್ನೊಂದರಲ್ಲಿ ಅದೇ ಮೆಟ್ಟಿಲ ಮೇಲೆ ಅದೇ ಥರ ಸತ್ತ. ಮೊದಲು ಗೊಗ್ಗರು ದನಿಯಲ್ಲಿ ಕೂಗಿದ್ದವನು ಈಗ ಕೀರಲಾಗಿ ಕಿರುಚಿದ. ಮೂರನೆಯದರಲ್ಲಿ ಎಲ್ಲರೂ ಎಡಗೈಯವರು. ಅಂಗಿಯ ಮಡಿಕೆ ಬಲದಿಂದ ಎಡಕ್ಕೆ ಬಂದದ್ದನ್ನು ಕಂಡು ಟೈಲರ್‌ಗೆ ಸಿಟ್ಟೇ ಬಂತು. ತಾನು ಹಾಗೆ ಹೊಲಿದವನಲ್ಲ, ಫಿಲ್ಮನ್ನೇ ಮಗುಚಿ ಹಾಕಿದ್ದಾರೆ ಎಂದು ಗೊಣಗಿದ. ತಮ್ಮ ಮಾತ್ರ ಯಾರೆಂದು ತಿಳಿಯಲಿಲ್ಲ.

ಮೈಕಟ್ಟು ನೋಡಿಯಾದರೂ ಹೇಳಬಹುದಲ್ಲ ಎಂದಳು ಅವಳು. ಟೈಲರ್ ಮಾತು ಮರೆಸಿ, ಇನ್ನೊಮ್ಮೆ ಓಡಿಸು ಎಂದ. ಯಾವ ತುಂಡನ್ನು ಎಲ್ಲಿ ಬೇಕಾದರೂ ಅಂಟಿಸಬಹುದು ಎನ್ನುವಂತಾಗಲು ಎಲ್ಲರೂ ಒಂದೇ ಗಾತ್ರ ಕಾಣಬೇಕೆಂದು ಸಾಹೇಬ ಹೇಳಿದ್ದ. ಎಲ್ಲ ಉಡುಪನ್ನೂ ಒಂದೇ ಅಳತೆಗೆ ಹೊಲಿದದ್ದು, ಮೂವತ್ತೆರಡರ ಎದೆಯ ತಮ್ಮನ ಭುಜಕ್ಕೂ ಬೆನ್ನಿಗೂ ಹತ್ತಿ ತುಂಬಿ ನಲವತ್ತು ಮಾಡಿದ್ದು, ಎಲ್ಲ ಈ ಟೈಲರೇ. ಆಗ ಸಾಹೇಬ ಬೆನ್ನು ತಟ್ಟಿದ್ದಕ್ಕೆ ಉಬ್ಬಿಹೋಗಿದ್ದ. ಮಾಡಿದ್ದುಣ್ಣೋ ಮಹಾರಾಯ ಎಂದರೆ ಇದೇ ಇರಬೇಕು.

ಹೋಗುವಾಗ ಅವಳು ಚಪ್ಪಲಿ ಮೆಟ್ಟುತ್ತ ಒಂದು ಮಾತು ಹೇಳಿದಳು. ಚಿಕ್ಕವಳಿದ್ದಾಗ ಅಮ್ಮ ಆ ಕ್ಯಾಸೆಟ್ಟು ಹಾಕಿ, ಕೆಂಪು ಪಟ್ಟಿಯವನೇ ನಿಮ್ಮಪ್ಪ ಎಂದು ತೋರಿಸುತ್ತಿದ್ದಳಂತೆ. ಕೆಂಪು ಪಟ್ಟಿಯವನೆಂದರೆ ಒಬ್ಬನೇ ಹನ್ನೆರಡು ಜನರನ್ನು ಕೆಡವುವ ನಾಯಕ. ಶಾಲೆಯಲ್ಲಿ ಯಾರಾದರೂ ಅಪ್ಪನಿಲ್ಲದವಳು ಎಂದರೆ ಇವಳು ಆ ಹನ್ನೆರಡು ಜನರನ್ನು ನೆನೆಸಿಕೊಂಡು ಸುಮ್ಮನಾಗುತ್ತಿದ್ದಳಂತೆ. "ಅಮ್ಮ ಹೇಳಿದ್ದು ನಿಜ ತಾನೆ ದೊಡ್ಡಪ್ಪಾ?"

ಟೈಲರ್ ಇನ್ನೂ ಸರಿಯಾಗಿ ನೋಡಬೇಕು ಎಂದುಬಿಟ್ಟ.

ಕೆಂಪು ಪಟ್ಟಿಯವನು ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಕತ್ತರಿ ಸಾಹೇಬನ ಭಾವಮೈದುನ. ಕಾಲು ಸೊಂಟದಿಂದ ಮೇಲೇಳದ ಆಸಾಮಿ. ಪ್ರತಿ ಒದೆತಕ್ಕೂ ಪ್ಯಾಂಟು ಹರಿದುಕೊಂಡು ಬರುತ್ತಿದ್ದ. ಇದನ್ನು ಹೇಳಿದರೆ ಅವಳ ಕೈಯಲ್ಲಿದ್ದ ಅಪ್ಪನೂ ಹೋದ. ಹೇಳದಿದ್ದರೆ ಸಾಹೇಬನ ಭಾವಮೈದುನನನ್ನು ಅವಳು ಸಾಯುವ ತನಕ ಅಪ್ಪಾ ಎನ್ನುತ್ತಾಳೆ. ಅವನಲ್ಲ ಎಂದ ಮೇಲೆ ಇವನು ಎಂದು ತೋರಿಸಲು ಬೇರೊಬ್ಬ ಬೇಕಲ್ಲ, ಅವನೆಲ್ಲಿದ್ದಾನೆ? ಕಣ್ಣು ಮುಚ್ಚಿ ತಮ್ಮನ ಮುಖ ತಂದುಕೊಳ್ಳಲು ನೋಡಿದ. ಭುಜದ ಅಳತೆ ಬಂತು, ಮುಖ ಬರಲಿಲ್ಲ. ಒಡಹುಟ್ಟಿದವನ ಮುಖ ಮರೆತೆ ಎಂದು ಯಾವ ಬಾಯಲ್ಲಿ ಹೇಳುವುದು? ಅವನಿಗೆ ಅಳು ಬಂದು, ಯಾರ ಮೇಲೆ ಎಂದು ತಿಳಿಯದೆ ರೇಗಿ, ಇದ್ದ ಒಂದು ಜಾಕೀಟಿಗೆ ಗುಂಡಿಗಳನ್ನೆಲ್ಲ ಹಿಂದುಮುಂದಾಗಿ ಹೊಲಿದ.

ಎರಡನೆಯ ಭಾನುವಾರವೂ ಹೀಗೇ ಕಳೆಯಿತು. ಇವನಿರಬಹುದು ಎಂದ, ಅಲ್ಲ ಎಂದ, ಮತ್ತೆ ಅವನೇ ಇರಬಹುದು ಎಂದ. ಅವಳು ಪಾಪ, ಪ್ರತಿಯೊಬ್ಬನನ್ನೂ ನಿಲ್ಲಿಸಿ ದೊಡ್ಡದು ಮಾಡಿ ತೋರಿಸಿದಳು. ದಿನಕ್ಕೆ ಐವತ್ತು ಜನರ ಮೂಳೆ ನೋಡುವವಳಿಗೂ ಒಂದು ಮೊಳ ಬಟ್ಟೆಯ ಹಿಂದೆ ಏನಿದೆಯೆಂದು ಕಾಣಲಿಲ್ಲ.

ಮೂರನೆಯ ಭಾನುವಾರ ಅವಳು ಲ್ಯಾಪ್‌ಟಾಪ್ ತೆರೆಯುವುದಕ್ಕೂ ಮೊದಲೇ, ಕೆಂಪು ಪಟ್ಟಿಯವನೇ ಎಂದು ಒಂದು ಸಲ ಹೇಳಿಬಿಡಿ, ಸಾಕು ಎಂದಳು. ಬೇಸತ್ತಿದ್ದಳು. ಟೈಲರ್ ಹೂಂ ಎನ್ನಲು ಬಾಯಿ ತೆರೆದೂ ಇದ್ದ. ಅಷ್ಟರಲ್ಲಿ, ಅಡುಗೆಮನೆಯಿಂದ ಚಹಾ ತರುತ್ತಿದ್ದ ಅವನ ಹೆಂಡತಿ ಬಾಗಿಲಲ್ಲೇ ನಿಂತಳು.

"ಆ ಮಗೂಗೆ ಸುಳ್ಳು ಹೇಳ್ಬೇಡಿ. ಅವನು ಒಂದು ದಿನಾನೂ ಕೆಂಪು ಪಟ್ಟಿ ಕಟ್ಟಿದವನಲ್ಲ."

ತಮ್ಮನ ಮಗಳು ಇಬ್ಬರ ಮುಖವನ್ನೂ ನೋಡಿದಳು. ಇನ್ನು ಮುಚ್ಚಿಡುವುದು ಏನೂ ಉಳಿಯಲಿಲ್ಲ. ಟೈಲರ್ ಕನ್ನಡಕ ಒರೆಸುತ್ತ ಎಲ್ಲವನ್ನೂ ಹೇಳಿದ: ಹೊಡೆಯುವ ಕೆಲಸ ಸಾಹೇಬನ ಮನೆಯವರದು, ನಿಮ್ಮಪ್ಪನದು ಬೀಳುವ ಕೆಲಸ. ನಾಯಕ ಕೆಡವುವ ಹನ್ನೆರಡು ಜನ ಎನ್ನುವುದೂ ಸುಳ್ಳು. ಇದ್ದದ್ದು ನಾಲ್ಕೇ ಜನ. ಬಿದ್ದವನು ಸತ್ತಂತೆ ಒಂದು ಕ್ಷಣ ಮಲಗಿ, ತೆವಳಿಕೊಂಡು ಚೌಕಟ್ಟಿನ ಆಚೆ ಹೋಗಿ, ಬೇರೆ ಬಣ್ಣದ ಪಟ್ಟಿ ಕಟ್ಟಿಕೊಂಡು, ಕೂಗುತ್ತ ಮತ್ತೆ ಓಡಿ ಬರಬೇಕು. ಒಬ್ಬೊಬ್ಬನಿಗೆ ಮೂರು ಮೂರು ಸಾವು.

ಹಾಗಾದರೆ ಅಪ್ಪ ಇಡೀ ಸಿನಿಮಾದಲ್ಲಿ ಹೊಡೆಸಿಕೊಂಡದ್ದೇ ಬಂತಾ ಎಂದು ಅವಳು ಮೆಲ್ಲಗೆ ಕೇಳಿದಳು. ಟೈಲರ್‌ನ ಹೆಂಡತಿ ಚಹಾ ಕೊಟ್ಟು ಪಕ್ಕದಲ್ಲಿ ಕೂತು, ಸುಮ್ಮನೆ ಅವಳ ಬೆನ್ನ ಮೇಲೆ ಕೈಯಿಟ್ಟಳು. ಯಾರೂ ಕೇಳದೆಯೇ ತಮ್ಮನ ಮಗಳು ಆ ಹನ್ನೆರಡು ಜನರ ಹೊಡೆದಾಟವನ್ನು ಹಾಕಿದಳು.

ಈ ಸಲ ಮೂವರೂ ಹೊಡೆಯುವವನನ್ನು ಬಿಟ್ಟು ಬಿದ್ದವರನ್ನು ನೋಡಿದರು. ಇಷ್ಟು ದಿನ ಅವರು ನೆಲದ ಕಡೆ ಕಣ್ಣು ಹಾಯಿಸಿರಲೇ ಇಲ್ಲ. ಪರದೆಯ ಕೆಳ ಅಂಚಿನಲ್ಲಿ, ನಾಯಕನ ಕಾಲುಗಳ ಹಿಂದೆ, ಸತ್ತವರು ಹೊರಡುತ್ತಿದ್ದರು. ಹಸಿರು ಪಟ್ಟಿಯವನು ಮೊಣಕೈ ಊರಿ ಬಲಗಡೆ ತೆವಳಿದ. ಬಿಳಿ ಪಟ್ಟಿಯವನೂ ಬಲಗಡೆಗೇ ಹೋದ. ಹಳದಿಯವನು ಸತ್ತವನಂತೆ ಸ್ವಲ್ಪ ಹೊತ್ತು ಬಿದ್ದಿದ್ದು, ಅತ್ತಿತ್ತ ನೋಡಿ, ಎಡಗಡೆಗೆ ಉರುಳಿದ. ಎರಡು ಉರುಳು ಉರುಳಿ ಕಾಣದಾದ.

ಟೈಲರ್ ಕುರ್ಚಿಯಿಂದ ಎದ್ದುಬಿಟ್ಟ. ಇನ್ನೊಂದು ಸಲ ಹಾಕು ಎಂದ.

"ಎಡಗಡೆ ಹೋದೋನು ನಿಮ್ಮಪ್ಪ."

ಹೇಗೆ ಹೇಳುತ್ತೀರಿ ಎಂದು ಅವನ ಹೆಂಡತಿಯೇ ಕೇಳಿದಳು. ಎರಡು ಭಾನುವಾರದಿಂದ ಹೌದು-ಅಲ್ಲ ಎಂದವನ ಮಾತನ್ನು ಅವಳಾದರೂ ಹೇಗೆ ನಂಬಿಯಾಳು. ಟೈಲರ್ ತಡವರಿಸುತ್ತ ಬಿಡಿಸಿ ಹೇಳಿದ. ಅಂಗಿಯ ಮಡಿಕೆ ಸರಿಯಾಗಿದೆ, ಈ ಫಿಲ್ಮು ಮಗುಚಿದ್ದಲ್ಲ. ಪಟ್ಟಿಗಳ ಪೆಟ್ಟಿಗೆ ಇದ್ದದ್ದು ಬಲಗಡೆ ಗೋಡೆಯ ಹತ್ತಿರ. ಎಲ್ಲರೂ ಅಲ್ಲಿಗೇ ತೆವಳಿ, ತಾವೇ ಪಟ್ಟಿ ಬದಲಾಯಿಸಿಕೊಂಡು ಬರುತ್ತಿದ್ದರು. ಎಡಗಡೆ ಕಿಟಕಿಯ ಬೆಳಕಿನಲ್ಲಿ ಹೊಲಿಗೆ ಮಷಿನ್ನು ಹಾಕಿಕೊಂಡು ಇವನು ಕೂತಿರುತ್ತಿದ್ದ. ಆ ಕಡೆಗೆ ಬರಲು ಬೇರೆ ಯಾರಿಗೂ ಕಾರಣವಿರಲಿಲ್ಲ. ತಮ್ಮನೊಬ್ಬ ಮಾತ್ರ ಬೆನ್ನ ಹಿಂದೆ ಗಂಟು ಹಾಕಿಕೊಳ್ಳಲು ಬರುವುದಿಲ್ಲವೆಂದು ಅಣ್ಣನ ಹತ್ತಿರ ಬರುತ್ತಿದ್ದ. ಗಂಟು ಹಾಕಲು ಅವನಿಗೆ ಬರುತ್ತಿತ್ತು, ಬಾರದೆ ಏನು! ದೂರ ಜಾಸ್ತಿ, ದಾರಿ ತುಂಬ ಗಾಜಿನ ಚೂರು. ಸಾಹೇಬ ಬೈದರೂ ಬಿಡಲಿಲ್ಲ. ಅವನಿಗೋಸ್ಕರವೇ ಒಂದೆರಡು ಪಟ್ಟಿಯನ್ನು ಇವನು ಮಷಿನ್ನಿನ ಪಕ್ಕದಲ್ಲಿ ಇಟ್ಟುಕೊಳ್ಳತೊಡಗಿದ್ದ.

ತಮ್ಮನ ಮಗಳು ಹಳದಿ ಪಟ್ಟಿಯವನನ್ನು ಮತ್ತೆ ಬೀಳಿಸಿದಳು. ಅವನು ಬಿದ್ದ, ಅತ್ತಿತ್ತ ನೋಡಿದ, ಉರುಳಿದ. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ನಿಮ್ಮ ಹತ್ರ ಬಂದು ಏನಂತಿದ್ರು?"

"ಅಣ್ಣಾ, ಚೆನ್ನಾಗಿ ಸತ್ತೆನಾ, ಅಂತ ಕೇಳ್ತಿದ್ದ."

"ನೀವು?"

ಟೈಲರ್ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ. "ಇನ್ನೊಂದ್ಸಲ ಹೋಗಿ ಬಾ, ಅಂತಿದ್ದೆ."

ಸಿನಿಮಾ ತನ್ನ ಪಾಡಿಗೆ ಓಡುತ್ತಿತ್ತು. ಕೆಂಪು ಪಟ್ಟಿಯವನು ಯಾರನ್ನೋ ಒದೆಯುತ್ತಿದ್ದ. ಅವನ ಕಡೆ ಯಾರೂ ನೋಡಲಿಲ್ಲ. ಎಡಗಡೆಯಿಂದ ನೀಲಿ ಪಟ್ಟಿ ಕಟ್ಟಿಕೊಂಡ ಒಬ್ಬ, ಕೈಯೆತ್ತಿ ಕೂಗುತ್ತ ಓಡಿ ಬಂದ.

"ಅಪ್ಪ" ಎಂದಳು ಅವಳು.